ಹೊಟ್ಟೆಗೆ ಹೋದ ಮಾತ್ರೆ ತಲೆಯಲ್ಲಿ ಮಾಡುವ ಕೆಲಸ: ಫಿಟ್ಸ್ ಔಷಧಗಳು ಮತ್ತು ಅವುಗಳ ಅಡ್ಡ ಪರಿಣಾಮಗಳು

(ಮಂಡ್ಯದಲ್ಲಿ ಮೂರ್ಛೆ ರೋಗವಿರುವವರ ಮನೆಯವರಿಗಾಗಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಲವು ವರ್ಷಗಳ ಹಿಂದೆ ಮೊಮ್ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದ ರೈತರೊಬ್ಬರು ಕೇಳಿದ ಪ್ರಶ್ನೆಯಿಂದಲೇ ಇವತ್ತಿನ ಮಾತನ್ನು ಆರಂಭಿಸುತ್ತೇನೆ. ನಾನು ಬರೆದುಕೊಟ್ಟ ಚೀಟಿಯನ್ನು ಅವರು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು, ಆದರೆ ಎದ್ದು ಹೋಗಲಿಲ್ಲ. "ಫಿಟ್ಸು ಬರೋದು ತಲೇಲಿ, ಔಸ್ದಿ ಹೋಗೋದು ಹೊಟ್ಟೆಗೆ. ಹೊಟ್ಟೆಗ್ ಹೋದದ್ದಕ್ಕೆ ತಲೇಲಿ ಎಲ್ ಕೆಲ್ಸ ಮಾಡ್ಬೇಕು ಅಂತ ಹೆಂಗ್ ಗೊತ್ತಾಯ್ತದೆ ಸ್ವಾಮಿ?" ಎಂದು ಕೇಳಿದರು. ವೈದ್ಯಕೀಯ ವಿದ್ಯಾರ್ಥಿಗಳು ಕೂಡ ಇಷ್ಟು ನೇರವಾಗಿ ಕೇಳುವುದಿಲ್ಲ. ನಾನು ಕೊಡಬಹುದಾಗಿದ್ದ ಪ್ರಾಮಾಣಿಕ ಉತ್ತರ ಒಂದೇ: ಅದಕ್ಕೆ ಗೊತ್ತಾಗುವುದಿಲ್ಲ. ಔಷಧವು ರಕ್ತ ಹರಿಯುವ ಕಡೆಗೆಲ್ಲ ಹೋಗುತ್ತದೆ; ಒಸಡಿಗೆ, ಯಕೃತ್ತಿಗೆ, ಮೂಳೆಗೆ, ಗರ್ಭಿಣಿಯಾದರೆ ಮಗುವಿಗೆ, ಮೆದುಳಿನೊಳಗೂ ಫಿಟ್ಸ್ ಹುಟ್ಟುವ ಜಾಗಕ್ಕೆ ಹೋಗುವಂತೆಯೇ ನಡಿಗೆಯನ್ನು ಹಿಡಿತದಲ್ಲಿಡುವ, ಮಾತನ್ನು ಹುಡುಕಿಕೊಡುವ, ಕೋಪವನ್ನು ತಡೆಯುವ ಜಾಗಗಳಿಗೂ ಹೋಗುತ್ತದೆ. ಔಷಧದ ಗುಣವನ್ನೂ ದೋಷವನ್ನೂ ಬೇರೆ ಬೇರೆ ಮೂಲದವು ಎಂದು ನಾವು ಭಾವಿಸುತ್ತೇವೆ. ಬಹುತೇಕ ಸಂದರ್ಭಗಳಲ್ಲಿ ಅವೆರಡೂ ಒಂದೇ ಕೆಲಸದ ಎರಡು ಫಲಗಳು ಎಂಬುದನ್ನು ನಿಮಗೆ ಮನವರಿಕೆ ಮಾಡಿಕೊಡುವುದು ನನ್ನ ಇಂದಿನ ಉದ್ದೇಶ.

ಈ ಕಾಯಿಲೆ ಅಪರೂಪದ್ದಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು ನಿಮ್ಹಾನ್ಸ್‌ನ ತಜ್ಞರು ನಡೆಸಿದ, 2004ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಸಾವಿರ ಜನರಲ್ಲಿ ಸುಮಾರು 9 ಮಂದಿಗೆ ಅಪಸ್ಮಾರ, ಅಂದರೆ ಮೂರ್ಛೆ ರೋಗ, ಇತ್ತು. ನಗರಕ್ಕೆ ಹೋಲಿಸಿದರೆ ಹಳ್ಳಿಗಳಲ್ಲಿ ಅದು ಎರಡು ಪಟ್ಟು. ಒಟ್ಟು ಸರಾಸರಿಯಲ್ಲಿ ಲೆಕ್ಕ ಹಾಕಿದರೂ ಎರಡು ಸಾವಿರ ಜನರಿರುವ ಒಂದು ಊರಿನಲ್ಲಿ ಹದಿನೆಂಟು ಇಪ್ಪತ್ತು ಮಂದಿ. ಆ ಮನೆಗಳಲ್ಲೆಲ್ಲ ಮಾಡದ ಮೇಲೋ ಬೀರುವಿನೊಳಗೋ ಒಂದು ಮಾತ್ರೆಯ ಪಟ್ಟಿ ಇರಬೇಕು. ಎಷ್ಟು ಮನೆಗಳಲ್ಲಿ ಅದು ಇದೆ, ಇದ್ದರೂ ಎಷ್ಟು ಜನ ಅದನ್ನು ತಪ್ಪದೆ ನುಂಗುತ್ತಾರೆ ಎಂಬುದು ಬೇರೆಯೇ ಮಾತು.

ಮೊದಲು ಮೆದುಳಿನ ಕೆಲಸವನ್ನು ನೋಡೋಣ. ಕೆರೆಯ ತೂಬನ್ನು ನೀವೆಲ್ಲ ಬಲ್ಲಿರಿ. ಪ್ರತಿಯೊಂದು ನರಕೋಶದ ಹೊರಪೊರೆಯಲ್ಲಿಯೂ ಅಂಥ ಸೂಕ್ಷ್ಮವಾದ ತೂಬುಗಳು ಅಸಂಖ್ಯವಾಗಿವೆ. ಸೋಡಿಯಂಗೆ ಒಂದು ಬಗೆಯ ತೂಬು, ಕ್ಯಾಲ್ಸಿಯಂಗೆ ಇನ್ನೊಂದು, ಕ್ಲೋರೈಡ್‌ಗೆ ಮತ್ತೊಂದು. ಸೋಡಿಯಂನ ತೂಬು ತೆರೆದಾಗ ಹೊರಗಿನ ಸೋಡಿಯಂ ಒಳನುಗ್ಗಿ ಕೋಶದಲ್ಲಿ ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ ಆ ತೂಬು ತಾನಾಗಿಯೇ ಬಿಗಿದುಕೊಳ್ಳುತ್ತದೆ, ಸ್ವಲ್ಪ ವಿಶ್ರಾಂತಿಯ ಬಳಿಕ ಮತ್ತೆ ತೆರೆಯಲು ಸಿದ್ಧವಾಗುತ್ತದೆ. ಒಂದು ಕೋಶದ ಮಿಡಿತ ಮುಂದಿನ ಕೋಶವನ್ನು ತಲುಪುವುದು ರಾಸಾಯನಿಕಗಳ ಮೂಲಕ. ಅವುಗಳಲ್ಲಿ ಗ್ಲುಟಮೇಟ್ ಕೋಶವನ್ನು ಎಬ್ಬಿಸುತ್ತದೆ, ಗಾಬಾ ಕ್ಲೋರೈಡ್‌ನ ತೂಬನ್ನು ತೆರೆದು ಕೋಶವನ್ನು ತಣ್ಣಗಿಡುತ್ತದೆ. ಆರೋಗ್ಯವಂತ ಮೆದುಳಿನಲ್ಲಿ ಕೋಟ್ಯಂತರ ಕೋಶಗಳು ಒಂದೊಂದು ಹೊತ್ತಿಗೆ ಒಂದೊಂದು ಮಿಡಿಯುತ್ತಿರುತ್ತವೆ. ಒಂದು ಗುಂಪಿನ ಕೋಶಗಳೆಲ್ಲ ಒಟ್ಟಿಗೆ, ಬಿಡುವಿಲ್ಲದೆ, ಅತಿವೇಗದಲ್ಲಿ ಮಿಡಿಯತೊಡಗಿದರೆ ಅದೇ ಫಿಟ್ಸ್. ಕೈಗೆ ಬೀಗದ ಕೈ ತುರುಕುವುದರಿಂದ ಈ ಮಿಡಿತ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ ಕಬ್ಬಿಣಕ್ಕೆ ಆ ಶ್ರೇಯಸ್ಸು ಸಿಕ್ಕಿದೆ, ಅಷ್ಟೇ.

ಈಗ ಔಷಧದ ಕೆಲಸ. ನೀವು ಎಪ್ಟಾಯಿನ್ ಎಂದು ಕರೆಯುವ ಫೆನಿಟಾಯಿನ್, ಟೆಗ್ರಿಟಾಲ್ ಎಂದು ಕರೆಯುವ ಕಾರ್ಬಮಜೆಪಿನ್, ಜೊತೆಗೆ ಆಕ್ಸ್‌ಕಾರ್ಬಜೆಪಿನ್, ಲ್ಯಾಮೋಟ್ರಿಜಿನ್ ಇವೆಲ್ಲ ಸೋಡಿಯಂ ತೂಬಿನ ಮೇಲೆ ಕೆಲಸ ಮಾಡುತ್ತವೆ. ಅವು ತೂಬನ್ನು ಪೂರ್ತಿ ಮುಚ್ಚಿಬಿಟ್ಟರೆ ಮನುಷ್ಯ ಬದುಕಲಾರ. ಈ ಔಷಧಗಳು ತೂಬು ತೆರೆದು ಬಿಗಿದುಕೊಂಡ ಸ್ಥಿತಿಯಲ್ಲಿರುವಾಗ ಹೋಗಿ ಅಂಟಿಕೊಂಡು, ಅದು ಮತ್ತೆ ಸಿದ್ಧವಾಗುವುದನ್ನು ತಡಮಾಡುತ್ತವೆ. ಆಗೊಮ್ಮೆ ಈಗೊಮ್ಮೆ ಮಿಡಿಯುವ ಕೋಶಕ್ಕೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಏಕೆಂದರೆ ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಔಷಧ ಕಳಚಿಕೊಳ್ಳುತ್ತದೆ. ಬಿಡುವಿಲ್ಲದೆ ಮಿಡಿಯುವ ಕೋಶದ ತೂಬುಗಳು ಮಾತ್ರ ಹೆಚ್ಚು ಹೊತ್ತು ಬಿಗಿದ ಸ್ಥಿತಿಯಲ್ಲೇ ಇರುವುದರಿಂದ ಅಲ್ಲಿ ಔಷಧದ ಹಿಡಿತ ಬಲವಾಗುತ್ತದೆ. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಇದನ್ನು ವಿವರಿಸುವಾಗಲೆಲ್ಲ ನನಗೆ ಬೆರಗಾಗುತ್ತದೆ: ಎಲ್ಲಿಗೆ ಹೋಗಬೇಕೆಂದು ತಿಳಿಯದ ಒಂದು ವಸ್ತು, ಎಲ್ಲಿ ಅತಿಯಾಗುತ್ತಿದೆಯೋ ಅಲ್ಲಿಯೇ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಪ್ರಮಾಣ ಹೆಚ್ಚಾದರೆ ಈ ವಿವೇಚನೆ ಉಳಿಯುವುದಿಲ್ಲ. ದೇಹದ ಸಮತೋಲವನ್ನು ಕಾಯುವ ಕಿರುಮೆದುಳಿನ ಕೋಶಗಳು ಸಹಜವಾಗಿಯೇ ವೇಗವಾಗಿ ಮಿಡಿಯುವಂಥವು. ಆದ್ದರಿಂದ ಔಷಧ ಅತಿಯಾದವರು ಮೊದಲು ತೂರಾಡುತ್ತಾರೆ, ಅವರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ. ಕುಡಿಯದವನನ್ನು ಕುಡುಕನೆಂದು ಬೈದ ಪ್ರಸಂಗಗಳನ್ನು ನಾನು ಬಲ್ಲೆ.

ಗಾಬಾದ ದಾರಿ ಇನ್ನೊಂದು. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ತರುಣ ವೈದ್ಯ, ಆಗಷ್ಟೇ ಬಂದಿದ್ದ ಫಿನೋಬಾರ್ಬಿಟಾಲ್ ಎಂಬ ನಿದ್ರೆಯ ಔಷಧವನ್ನು ಅಪಸ್ಮಾರದ ರೋಗಿಗಳಿಗೆ ಕೊಟ್ಟಾಗ ಅವರ ಫಿಟ್ಸ್ ಕಡಿಮೆಯಾದದ್ದನ್ನು ಗಮನಿಸಿ ಬರೆದರು. ಅದೇ ಇಂದಿಗೂ ನಮ್ಮ ಹಳ್ಳಿಗಳಲ್ಲಿ ಗಾರ್ಡಿನಾಲ್ ಎಂದು ಪರಿಚಿತವಾಗಿರುವ ಅಗ್ಗದ ಮಾತ್ರೆ. ಅದು ಗಾಬಾ ತೆರೆಯುವ ಕ್ಲೋರೈಡ್ ತೂಬು ಹೆಚ್ಚು ಹೊತ್ತು ತೆರೆದಿರುವಂತೆ ಮಾಡುತ್ತದೆ. ಕ್ಲೋಬಜಾಮ್, ಲೊರಜೆಪಾಮ್, ಮಿಡಜೋಲಾಮ್ ಇವು ಆ ತೂಬು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತವೆ. ಮೆದುಳನ್ನು ತಣಿಸುವ ವಸ್ತು ತೂಕಡಿಕೆಯನ್ನೂ ತರುತ್ತದೆ ಎಂಬುದರಲ್ಲಿ ಆಶ್ಚರ್ಯವಿಲ್ಲ. ಮಕ್ಕಳಲ್ಲಿ ಮಾತ್ರ ಫಿನೋಬಾರ್ಬಿಟಾಲ್ ಎಷ್ಟೋ ಸಲ ತೂಕಡಿಕೆಯ ಬದಲು ಅತಿ ಚಟುವಟಿಕೆಯನ್ನೂ ಹಟವನ್ನೂ ತಂದು, ಓದಿನ ಗಮನವನ್ನು ಕೆಡಿಸುತ್ತದೆ. ಶಾಲೆಯಲ್ಲಿ ಒಂದೆಡೆ ಕೂರುವುದಿಲ್ಲ ಎಂದು ಹೊಡೆತ ತಿನ್ನುವ ಮಗು ಯಾವ ಮಾತ್ರೆ ತೆಗೆದುಕೊಳ್ಳುತ್ತಿದೆ ಎಂದು ಮೇಷ್ಟರೂ ಕೇಳುವಂತಾಗಬೇಕು.

ಈ ಎರಡು ದಾರಿಗಳಾಚೆಗೂ ಔಷಧಗಳಿವೆ. ಸೊಳ್ಳೆ ಹಾರಿದಷ್ಟು ಹೊತ್ತು ಮಗು ಎಚ್ಚರ ತಪ್ಪಿ ಮಂಕಾಗುವ ಬಗೆಯ ಫಿಟ್ಸ್‌ಗೆ ಎಥೊಸಕ್ಸಿಮೈಡ್ ಒಂದು ವಿಶಿಷ್ಟ ಕ್ಯಾಲ್ಸಿಯಂ ತೂಬನ್ನು ತಡೆಯುತ್ತದೆ. ಲೆವೆಟಿರಾಸೆಟಾಮ್ ಕೋಶದೊಳಗೆ ರಾಸಾಯನಿಕವನ್ನು ತುಂಬಿಟ್ಟುಕೊಂಡ ಪುಟ್ಟ ಚೀಲಗಳ ಮೇಲಿನ ಒಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಸಂಗತಿ ಖಚಿತವಾದದ್ದು 2004ರಲ್ಲಿ, ಔಷಧ ಮಾರುಕಟ್ಟೆಗೆ ಬಂದು ಕೆಲವು ವರ್ಷಗಳಾದ ಮೇಲೆ. ವಾಲ್ಪ್ರೊಯೇಟ್‌ನ ಕಥೆ ಇನ್ನೂ ವಿಚಿತ್ರ. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಿಯರ್ ಎಮಾರ್ ಎಂಬ ಸಂಶೋಧಕ ನೀರಿನಲ್ಲಿ ಕರಗದ ಕೆಲವು ವಸ್ತುಗಳನ್ನು ಪರೀಕ್ಷಿಸುವ ಸಲುವಾಗಿ ಅವನ್ನು ವಾಲ್ಪ್ರೊಯಿಕ್ ಆಮ್ಲದಲ್ಲಿ ಕರಗಿಸಿದರು. ಹಾಗೆ ಕರಗಿಸಿದ ವಸ್ತುಗಳೆಲ್ಲ ಫಿಟ್ಸ್ ತಡೆಯುವಂತೆ ಕಂಡಾಗ, ಕೆಲಸ ಮಾಡುತ್ತಿರುವುದು ಕರಗಿದ್ದಲ್ಲ, ಕರಗಿಸಿದ್ದು ಎಂದು ತಿಳಿಯಿತು. ಅದು ಸೋಡಿಯಂ ತೂಬನ್ನೂ ಗಾಬಾವನ್ನೂ ಇನ್ನೂ ಹಲವು ಜಾಗಗಳನ್ನೂ ಮುಟ್ಟುತ್ತದೆ. ಆದ್ದರಿಂದಲೇ ಬಹುತೇಕ ಎಲ್ಲ ಬಗೆಯ ಫಿಟ್ಸ್‌ಗೂ ನಾಟುತ್ತದೆ, ಆದ್ದರಿಂದಲೇ ಅದರ ಅಡ್ಡ ಪರಿಣಾಮಗಳ ಹರವೂ ದೊಡ್ಡದು.

ಯಾವ ಬಗೆಯ ಫಿಟ್ಸ್ ಎಂದು ತಿಳಿಯದೆ ಮಾತ್ರೆ ಬರೆಯುವುದು ಏಕೆ ತಪ್ಪೆಂದು ಇಲ್ಲಿ ಹೇಳಬೇಕು. ಹದಿಹರೆಯದಲ್ಲಿ ಬೆಳಗ್ಗೆ ಎದ್ದ ಕೂಡಲೇ ಕೈ ಜಿಗ್ಗನೆ ಕುಲುಕಿ ಲೋಟ ಕೆಳಗೆ ಬೀಳುವ ಒಂದು ಬಗೆಯ ಅಪಸ್ಮಾರವಿದೆ. ಅದಕ್ಕೆ ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಕೊಟ್ಟರೆ ಆ ಕುಲುಕು ಹೆಚ್ಚುವ ಸಂಭವವಿದೆ. ಹೀಗಾಗಿ ವೈದ್ಯರು "ಹೇಗೆ ಬಂತು, ನೋಡಿದವರು ಯಾರು" ಎಂದು ಹತ್ತು ಸಲ ಕೇಳಿದರೆ ಬೇಸರಿಸಬೇಡಿ. ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ಎಷ್ಟೋ ಸಲ ಸ್ಕ್ಯಾನಿಗಿಂತ ಹೆಚ್ಚು ಹೇಳುತ್ತದೆ.

ಇನ್ನು ಯಕೃತ್ತಿನ ವಿಷಯ. ಈ ಔಷಧಗಳಲ್ಲಿ ಹಲವನ್ನು ಒಡೆದು ಹೊರಹಾಕುವುದು ಯಕೃತ್ತಿನ ಕಿಣ್ವಗಳು. ಫೆನಿಟಾಯಿನ್‌ನ ಮಟ್ಟಿಗೆ ಯಕೃತ್ತನ್ನು ಒಂದು ಹಿಟ್ಟಿನ ಗಿರಣಿ ಎಂದು ಭಾವಿಸಿ. ಗಂಟೆಗೆ ಇಷ್ಟು ಮೂಟೆ ಎಂದು ಅದಕ್ಕೊಂದು ಮಿತಿಯಿದೆ. ಮಿತಿಯೊಳಗೆ ಬಂದ ಮೂಟೆಗಳು ಬಂದಂತೆ ಬೀಸಿ ಹೋಗುತ್ತವೆ. ಮಿತಿ ದಾಟಿ ದಿನಕ್ಕೆ ಒಂದೇ ಮೂಟೆ ಹೆಚ್ಚು ಬಂದರೂ ಬಾಗಿಲಲ್ಲಿ ರಾಶಿ ಬೆಳೆಯುತ್ತ ಹೋಗುತ್ತದೆ. ದಿನಕ್ಕೆ 300 ಮಿಲಿಗ್ರಾಂನಲ್ಲಿ ಚೆನ್ನಾಗಿದ್ದವರು 400ಕ್ಕೆ ಏರಿಸಿದಾಗ ರಕ್ತದಲ್ಲಿನ ಮಟ್ಟ ಮೂರನೇ ಒಂದು ಭಾಗದಷ್ಟೇ ಏರುವುದಿಲ್ಲ, ಎರಡು ಪಟ್ಟೋ ಅದಕ್ಕೂ ಹೆಚ್ಚೋ ಆಗಬಹುದು. ಕ್ಷಯದ ಚಿಕಿತ್ಸೆಗೆ ಕೊಡುವ ಐಸೋನಿಯಾಜಿಡ್ ಈ ಗಿರಣಿಯ ವೇಗವನ್ನೇ ತಗ್ಗಿಸುವುದರಿಂದ, ಫೆನಿಟಾಯಿನ್ ಪ್ರಮಾಣ ಬದಲಾಗದಿದ್ದರೂ ಕೆಲವರು ತೂರಾಡತೊಡಗುತ್ತಾರೆ. ಕಾರ್ಬಮಜೆಪಿನ್‌ನದು ಇದಕ್ಕೆ ವಿರುದ್ಧ ಸ್ವಭಾವ. ಅದು ತನ್ನನ್ನು ಒಡೆಯುವ ಕಿಣ್ವಗಳನ್ನು ತಾನೇ ಹೆಚ್ಚಿಸುತ್ತದೆ. ಮೊದಲ ವಾರ ಹಿಡಿದಂತೆ ಕಂಡದ್ದು ಒಂದು ತಿಂಗಳಾಗುವಷ್ಟರಲ್ಲಿ ಸಾಲದೆ ಹೋಗಬಹುದು. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಮೂರೂ ಹೀಗೆ ಹೆಚ್ಚಿಸಿದ ಕಿಣ್ವಗಳು ಗರ್ಭನಿರೋಧಕ ಮಾತ್ರೆಯನ್ನೂ ರಕ್ತ ತೆಳುವಾಗಿಸುವ ವಾರ್ಫರಿನ್ನನ್ನೂ ಬೇಗ ಒಡೆದುಬಿಡುತ್ತವೆ, ಡಿ ಜೀವಸತ್ವವನ್ನು ಕರಗಿಸಿ ವರ್ಷಗಳ ಮೇಲೆ ಮೂಳೆಯನ್ನು ಸವೆಸುತ್ತವೆ. ಬೇರೆ ಯಾವುದೇ ಕಾಯಿಲೆಗೆ ಯಾವುದೇ ವೈದ್ಯರ ಬಳಿ ಹೋದಾಗಲೂ ಫಿಟ್ಸ್ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲೆ ಇಡಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಆರಂಭದಲ್ಲಿ ಹೇಳಿದ ಹುಡುಗನ ಸಂಗತಿಗೆ ಮರಳುತ್ತೇನೆ. ಅವನಿಗೆ ನಾನು ಫೆನಿಟಾಯಿನ್‌ನ ಸಿರಪ್ ಬರೆದಿದ್ದೆ. ಮೂರು ವಾರಗಳ ನಂತರ ಅಜ್ಜ ಅವನನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದರು. ಬೆರಳನ್ನು ಅವನ ಕಣ್ಣ ಮುಂದೆ ಪಕ್ಕಕ್ಕೆ ಸರಿಸಿದರೆ ಕಣ್ಣುಗುಡ್ಡೆಗಳು ಅದುರಿ ಅದುರಿ ಹಿಂಬಾಲಿಸುತ್ತಿದ್ದವು. ನೆಲದ ಟೈಲ್ಸಿನ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆ ಎಂದರೆ ಎರಡನೇ ಹೆಜ್ಜೆಗೇ ಗೋಡೆ ಹಿಡಿದುಕೊಂಡ. ಪ್ರಮಾಣವನ್ನು ಲೆಕ್ಕ ಹಾಕಿ ನೋಡಿದೆ, ಸರಿಯಾಗಿಯೇ ಇತ್ತು. ಅಜ್ಜ ಚೀಲದಿಂದ ಬಾಟಲಿ ತೆಗೆದಿಟ್ಟಾಗ ಉತ್ತರ ಸಿಕ್ಕಿತು. ತಳದಲ್ಲಿ ಒಂದಂಗುಲದಷ್ಟು ಉಳಿದಿದ್ದ ಔಷಧ ದೋಸೆಹಿಟ್ಟಿನಂತೆ ಗಟ್ಟಿಯಾಗಿತ್ತು. ಆ ಸಿರಪ್ಪಿನಲ್ಲಿ ಔಷಧ ಕರಗಿರುವುದಿಲ್ಲ, ತೇಲುತ್ತಿರುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕದೆ ಬಗ್ಗಿಸಿದ್ದರಿಂದ ಮೊದಲ ದಿನಗಳಲ್ಲಿ ಮಗುವಿಗೆ ಹೆಚ್ಚಾಗಿ ಸಿಹಿನೀರು ಸಿಕ್ಕಿತ್ತು, ಕೊನೆಯ ದಿನಗಳಲ್ಲಿ ತಳದ ಔಷಧವೆಲ್ಲ ಸಿಕ್ಕಿತ್ತು. ಮೊದಲ ವಾರ ಎರಡು ಸಲ ಫಿಟ್ಸ್ ಬಂದದ್ದೂ ಕೊನೆಯ ವಾರ ತೂರಾಡಿದ್ದೂ ಒಂದೇ ಬಾಟಲಿಯ ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ. ಕುಲುಕಬೇಕೆಂದು ಬಾಯಿಬಿಟ್ಟು ಹೇಳದಿದ್ದದ್ದು ನನ್ನ ತಪ್ಪು. ಅಂದಿನಿಂದ ಸಿರಪ್ ಬರೆದಾಗಲೆಲ್ಲ ಬಾಟಲಿಯನ್ನು ನಾನೇ ಕೈಯಲ್ಲಿ ಹಿಡಿದು ಕುಲುಕಿ ತೋರಿಸುತ್ತೇನೆ, ಅಡುಗೆಮನೆಯ ಚಮಚ ಬೇಡ, ಅಳತೆಯ ಮುಚ್ಚಳ ಅಥವಾ ಸಿರಿಂಜಿನಲ್ಲಿಯೇ ಕೊಡಿ ಎನ್ನುತ್ತೇನೆ.

ಇದುವರೆಗೆ ಹೇಳಿದವು ಪ್ರಮಾಣ ತಗ್ಗಿಸಿದರೆ ತಗ್ಗುವ ತೊಂದರೆಗಳು. ಪ್ರಮಾಣಕ್ಕಿಂತ ಹೆಚ್ಚಾಗಿ ಆಯಾ ದೇಹದ ಗುಣದಿಂದ ಬರುವ ಒಂದು ತೊಂದರೆಯನ್ನು ಮಾತ್ರ ಬೇರೆಯಾಗಿ ನೆನಪಿಡಬೇಕು. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್, ಫಿನೋಬಾರ್ಬಿಟಾಲ್ ಆರಂಭಿಸಿದ ಮೊದಲ ಎರಡು ತಿಂಗಳಲ್ಲಿ ಜ್ವರ, ಮೈಮೇಲೆ ಕೆಂಪು ದದ್ದು, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಸುಲಿಯುವುದು ಕಂಡರೆ ಅದು ಸ್ಟೀವನ್ಸ್-ಜಾನ್ಸನ್ ಎಂಬ ಪ್ರಾಣಕ್ಕೆ ಸಂಚಕಾರ ತರುವ ಸ್ಥಿತಿಯ ಆರಂಭವಾಗಿರಬಹುದು. ಮುಂದಿನ ಮಾತ್ರೆ ನುಂಗುವ ಮೊದಲೇ, ಅದೇ ದಿನ, ಆಸ್ಪತ್ರೆಗೆ ಬರಬೇಕು. ದೇವರು ಮೈಮೇಲೆ ಬಂದಿದೆ, ಅಮ್ಮ ಆಗಿದೆ ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿದ ಮೇಲೆ ಬಂದವರನ್ನು ಉಳಿಸಿಕೊಳ್ಳುವುದು ಕಷ್ಟ. ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿಯ ರೂಪವಿರುವವರಲ್ಲಿ ಕಾರ್ಬಮಜೆಪಿನ್‌ನಿಂದ ಈ ಅಪಾಯ ಹೆಚ್ಚು ಎಂದು ಏಷ್ಯಾದ ಜನರ ಅಧ್ಯಯನಗಳಿಂದ ತಿಳಿದಿದೆ. ಲ್ಯಾಮೋಟ್ರಿಜಿನನ್ನು ವಾರಗಟ್ಟಲೆ ಇಷ್ಟಿಷ್ಟೇ ಏರಿಸುವುದೂ ಈ ಅಪಾಯವನ್ನು ತಗ್ಗಿಸಲೆಂದೇ. ವಾಲ್ಪ್ರೊಯೇಟ್ ಜೊತೆಗಿದ್ದರೆ ಲ್ಯಾಮೋಟ್ರಿಜಿನ್‌ನ ಮಟ್ಟ ಸುಮಾರು ಎರಡು ಪಟ್ಟಾಗುವುದರಿಂದ ಇನ್ನೂ ನಿಧಾನ ಬೇಕು.

ಉಳಿದವುಗಳಲ್ಲಿ ಕೆಲವನ್ನು ಹೆಸರಿಸುತ್ತೇನೆ. ಫೆನಿಟಾಯಿನ್‌ನಿಂದ ಒಸಡು ಊದಿ ಹಲ್ಲಿನ ಮೇಲೆ ಏರುತ್ತದೆ, ಮುಖದ ಮೇಲೆ ಕೂದಲು ಹೆಚ್ಚುತ್ತದೆ. ವಾಲ್ಪ್ರೊಯೇಟ್‌ನಿಂದ ತೂಕ ಏರುತ್ತದೆ, ತಲೆಗೂದಲು ಉದುರುತ್ತದೆ, ಕೈ ನಡುಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಯಕೃತ್ತಿಗೆ ತೀವ್ರ ಹಾನಿಯಾಗುವ ಭಯವಿದೆ. ಟೋಪಿರಮೇಟ್ ತೆಗೆದುಕೊಳ್ಳುವವರಿಗೆ ಗೊತ್ತಿರುವ ಪದವೇ ಬಾಯಿಗೆ ಬರುವುದಿಲ್ಲ, ಬೆವರು ಕಡಿಮೆಯಾಗಿ ಬೇಸಿಗೆಯಲ್ಲಿ ಮಕ್ಕಳ ಮೈ ಸುಡುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ಲೆವೆಟಿರಾಸೆಟಾಮ್ ಈಗ ಎಲ್ಲೆಡೆ ಬಳಕೆಯಲ್ಲಿದೆ. ಯಕೃತ್ತಿನ ಗೊಡವೆಗೆ ಹೆಚ್ಚು ಹೋಗದ, ಬೇರೆ ಔಷಧಗಳೊಂದಿಗೆ ಜಗಳವಾಡದ ಒಳ್ಳೆಯ ಔಷಧ. ಆದರೆ ಕೆಲವರ ಮನಸ್ಸನ್ನು ಅದು ಕೆರಳಿಸುತ್ತದೆ. "ಫಿಟ್ಸ್ ನಿಂತದೆ ಡಾಕ್ಟ್ರೇ, ಆದ್ರೆ ನಮ್ಮನೆಯವರು ಮೊದಲಿನವರಲ್ಲ" ಎಂದು ಹೆಂಡತಿಯೊಬ್ಬರು ಗಂಡನನ್ನು ಹೊರಗೆ ಕೂರಿಸಿ ಬಂದು ಹೇಳಿದ್ದರು. ಅದನ್ನು ಗಂಡನ ಸ್ವಭಾವವೆಂದು ಅವರು ಆರು ತಿಂಗಳು ಸಹಿಸಿದ್ದರು. ಸಿಡುಕಾಗಲಿ, ಬದುಕೇ ಬೇಡವೆನಿಸುವ ಕುಗ್ಗುವಿಕೆಯಾಗಲಿ ಮಾತ್ರೆಯಿಂದಲೂ ಬರಬಹುದು; ಅದನ್ನು ಮುಚ್ಚಿಡುವ ಅಗತ್ಯವಿಲ್ಲ, ಔಷಧ ಬದಲಿಸಬಹುದು.

ಹೆಣ್ಣುಮಕ್ಕಳ ವಿಷಯವನ್ನು ಅವಸರದಲ್ಲಿ ಮುಗಿಸಲಾರೆ. ವಾಲ್ಪ್ರೊಯೇಟ್ ತೆಗೆದುಕೊಳ್ಳುವ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಂದರಲ್ಲಿ ದೊಡ್ಡ ಅಂಗದೋಷ ಕಾಣುತ್ತದೆ. ಲ್ಯಾಮೋಟ್ರಿಜಿನ್ ಮತ್ತು ಲೆವೆಟಿರಾಸೆಟಾಮ್‌ಗಳಲ್ಲಿ ಅದು ನೂರಕ್ಕೆ ಸುಮಾರು ಮೂರು, ಅಂದರೆ ಸಾಮಾನ್ಯ ಬಸಿರುಗಳ ಹತ್ತಿರ ಹತ್ತಿರ. ವಾಲ್ಪ್ರೊಯೇಟ್‌ನ ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚು. ಮಗುವಿನ ಕಲಿಕೆಯ ಶಕ್ತಿಯೂ ಕುಗ್ಗಬಹುದು. ನಮ್ಮ ನೆರೆಯ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1998ರಿಂದ ಇಂಥ ಬಸಿರುಗಳ ದಾಖಲೆ ಇಟ್ಟು ಅಧ್ಯಯನ ಮಾಡುತ್ತಿದೆ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರಗಳೊಳಗೆ, ಬಹಳಷ್ಟು ತಾಯಂದಿರಿಗೆ ತಾವು ಬಸಿರೆಂದು ತಿಳಿಯುವ ಮೊದಲೇ. ಆದ್ದರಿಂದ ಔಷಧ ಬದಲಿಸುವುದೂ ಫೋಲಿಕ್ ಆಮ್ಲ ಆರಂಭಿಸುವುದೂ ಬಸಿರಿಗೆ ಮುಂಚೆ ಆಗಬೇಕು. ಆದರೆ ನಮ್ಮಲ್ಲಿ ಆಗುವುದೇನು? ಮದುವೆಗೆ ಮೊದಲು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಅಪಸ್ಮಾರ ಮದುವೆಗೆ ಅಡ್ಡಿಯೆಂಬ ಮಾತನ್ನು ಹಿಂದೂ ವಿವಾಹ ಕಾನೂನಿನಿಂದ 1999ರಲ್ಲಿಯೇ ತೆಗೆದುಹಾಕಲಾಗಿದೆ, ಊರಿನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಅರಿಶಿನ ಕುಂಕುಮದ ಭರಣಿಯಲ್ಲಿ ಬಚ್ಚಿಟ್ಟುಕೊಂಡು, ಅತ್ತೆ ಹಿತ್ತಲಿಗೆ ಹೋದಾಗ ನುಂಗುತ್ತಿದ್ದ ಒಬ್ಬ ಹುಡುಗಿಯನ್ನು ನಾನು ಕಂಡಿದ್ದೇನೆ. ಬಸಿರೆಂದು ತಿಳಿದ ದಿನವೇ ಮಗುವಿಗೆ ತೊಂದರೆಯೆಂದು ಹೆದರಿ ಆಕೆ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದಳು. ನಾಲ್ಕನೇ ದಿನ ಎಡೆಬಿಡದ ಫಿಟ್ಸ್‌ನಲ್ಲಿ ಆಸ್ಪತ್ರೆ ಸೇರಿದಳು. ಬಸಿರಿನಲ್ಲಿ ಫಿಟ್ಸ್ ಬರುವುದು ತಾಯಿಗೂ ಮಗುವಿಗೂ ಅಪಾಯ. ನಿಲ್ಲಿಸುವ ನಿರ್ಧಾರವನ್ನು ಒಬ್ಬಳೇ ಹೊರುವಂತೆ ಮಾಡಿದ್ದು ಔಷಧವಲ್ಲ, ಆ ಮನೆಯ ಮೌನ.

ಮೈಸೂರು, ಮಂಡ್ಯ ಸೀಮೆಯವರಿಗೆ ಹತ್ತಿರದ ಒಂದು ಸಂಗತಿಯಿದೆ. ತಲೆಯ ಮೇಲೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಬರುವ ಅಪಸ್ಮಾರ ಪ್ರಪಂಚದ ಬೇರೆಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಅಪರೂಪವಲ್ಲ. ನಿಮ್ಹಾನ್ಸ್‌ನ ವೈದ್ಯರು ಇದನ್ನು ದಶಕಗಳ ಕಾಲ ಅಭ್ಯಸಿಸಿದ್ದಾರೆ. ನೀರಿನ ಬಿಸಿ ತಗ್ಗಿಸುವುದು ಮೊದಲ ಮದ್ದು. ಅದು ಸಾಲದಿದ್ದರೆ, ತಲೆಗೆ ಸ್ನಾನ ಮಾಡುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ, 5ರಿಂದ 10 ಮಿಲಿಗ್ರಾಂ ಕ್ಲೋಬಜಾಮ್ ಬಹಳ ಜನರಿಗೆ ಸಾಕಾಗುತ್ತದೆ. ವಾರಕ್ಕೊಂದು ಮಾತ್ರೆಯಲ್ಲಿ ಮುಗಿಯುವ ಕೆಲಸಕ್ಕೆ ದಿನವೂ ಮೂರು ಮಾತ್ರೆ ನುಂಗಿ ವರ್ಷಗಟ್ಟಲೆ ಒಸಡು ಊದಿಸಿಕೊಂಡವರನ್ನು ಕಂಡಾಗ ಸಂಕಟವಾಗುತ್ತದೆ.

ಕೊನೆಗೆ, ಸಭೆಯಲ್ಲಿ ಹೆಚ್ಚು ಜನ ಕೇಳಿದ ಪ್ರಶ್ನೆ: ಎಷ್ಟು ದಿನ ನುಂಗಬೇಕು? ಈ ಔಷಧಗಳು ಫಿಟ್ಸನ್ನು ತಡೆಹಿಡಿಯುತ್ತವೆ, ಫಿಟ್ಸ್ ಬರುವ ಸ್ವಭಾವವನ್ನು ಅಳಿಸುವುದಿಲ್ಲ. ಆದರೂ ಹಲವರಲ್ಲಿ ಆ ಸ್ವಭಾವ ಕಾಲಕ್ರಮದಲ್ಲಿ ತಾನೇ ಅಡಗುತ್ತದೆ. ಕನಿಷ್ಠ ಎರಡು ವರ್ಷ ಫಿಟ್ಸ್ ಇಲ್ಲದಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಮಾತ್ರೆ ಮುಂದುವರಿಸಿದವರಲ್ಲಿ ನೂರಕ್ಕೆ 78 ಮಂದಿ, ನಿಧಾನವಾಗಿ ನಿಲ್ಲಿಸಿದವರಲ್ಲಿ 59 ಮಂದಿ, ಮುಂದಿನ ಎರಡು ವರ್ಷ ಫಿಟ್ಸ್ ಇಲ್ಲದೆ ಇದ್ದರು. ಈ ಎರಡು ಸಂಖ್ಯೆಗಳನ್ನು ನಾನು ನನ್ನ ರೋಗಿಗಳ ಮುಂದೆ ಹಾಗೆಯೇ ಇಡುತ್ತೇನೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾದ ಕಾವಲಿಯ ಮುಂದೆ ನಿಂತು ದೋಸೆ ಹಾಕುವ ಒಬ್ಬರು, ಮೂರು ವರ್ಷ ಫಿಟ್ಸ್ ಬಂದಿರದಿದ್ದರೂ, ಸಂಖ್ಯೆಗಳನ್ನು ಕೇಳಿ ಸ್ವಲ್ಪ ಹೊತ್ತು ಯೋಚಿಸಿ, "ನಾನು ಬೆಂಕಿ ಮುಂದೆ ನಿಲ್ಲೋನು ಸಾರ್, ರಾತ್ರಿ ಒಂದು ಮಾತ್ರೆ ಭಾರ ಅಲ್ಲ" ಎಂದರು. ಅದೇ ವಾರ ಒಬ್ಬ ಶಾಲಾ ಶಿಕ್ಷಕಿ ನಿಲ್ಲಿಸಲು ಒಪ್ಪಿದರು. ಆರು ತಿಂಗಳು ಕಾಲು ಕಾಲು ಮಾತ್ರೆಯಾಗಿ ಇಳಿಸಿದೆವು. ಇಬ್ಬರೂ ಈಗಲೂ ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ.